ಸೂಟಿನ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ

ಹುಬ್ಬಳ್ಳಿ ಕಡೆಯ ಆ ಹಿರಿಯಮ್ಮ, ಬೆಳಿಗ್ಗೆ ಎಂಟಕ್ಕೆ ನಾನು ಬಾಗಿಲು ತಟ್ಟುವಷ್ಟರಲ್ಲಿ ಹಾಸಿಗೆ ಸರಿಪಡಿಸಿ, ರಾತ್ರಿಯ ಕಾಫಿ ಕಪ್ಪುಗಳನ್ನು ಬಾತ್‌ರೂಮಿನ ಸಿಂಕಿನಲ್ಲಿ ತೊಳೆದು, ಒದ್ದೆ ಟವೆಲ್ಲುಗಳನ್ನು ಬಾಲ್ಕನಿಯ ಕುರ್ಚಿಗಳ ಮೇಲೆ ಹರವಿಬಿಟ್ಟಿರುತ್ತಿದ್ದರು. ಮೂರು ದಿನ ಸುಮ್ಮನಿದ್ದೆ. ನಾಲ್ಕನೇ ದಿನ ಒಂದು ಟವೆಲ್ಲು ಗಾಳಿಗೆ ಎದ್ದು ಸಮುದ್ರಕ್ಕೆ ಹಾರುವುದರಲ್ಲಿತ್ತು. ‘ಅಮ್ಮಾ, ಅದು ಹಾರಿಹೋದೀತು’ ಎಂದುಬಿಟ್ಟೆ, ಕನ್ನಡದಲ್ಲಿ. ಅತಿಥಿಗಳ ಎದುರು ಇಂಗ್ಲಿಷೇ ಆಡಬೇಕೆಂಬುದು ನಮ್ಮ ಹಡಗಿನ ನಿಯಮ. ಅಷ್ಟು ದಿನ ಅವರ ಮನೆಮಾತು ಕಿವಿಗೆ ಬೀಳುತ್ತಿದ್ದರೂ ನಾನು ತುಟಿ ಬಿಚ್ಚಿರಲಿಲ್ಲ. ಅವರು ತಿರುಗಿ ನೋಡಿದರು. ‘ತಮ್ಮಾ, ನೀ ಕನ್ನಡದಾಂವ ಏನು?’ ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಮನಸ್ಸಿನಲ್ಲಿದ್ದುದು ಹೊರಗೆ ಬಂತು: ‘ರೊಕ್ಕಾ ಭಾಳ ಕೊಟ್ಟೀವಿ, ಖರೆ. ಆದ್ರ ಇನ್ನೊಬ್ಬರ ಕೈಲೆ ನಮ್ಮ ಹಾಸಿಗಿ ತಗಸೋದು ಹೆಂಗಪಾ?’

ಅವರ ಮಗ ಬೆಂಗಳೂರಿನಲ್ಲಿ ಇಂಜಿನಿಯರ್. ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆಂದು ಮೆಡಿಟರೇನಿಯನ್ ಸಮುದ್ರದ ಏಳು ರಾತ್ರಿಯ ಪ್ರಯಾಣಕ್ಕೆ ಸೂಟ್ ಬುಕ್ ಮಾಡಿದ್ದ. ಕೂತು ಮಾತಾಡಿದಾಗ ತಿಳಿಯಿತು: ಸೂಟಿನವರಿಗೆಂದೇ ಇದ್ದ ರೆಸ್ಟೋರೆಂಟಿಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಎಪ್ಪತ್ತೈದು ದಾಟಿದ ಅಪ್ಪ ದಿನಾ ಬಫೆಯ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಬಂದರಿನಲ್ಲಿ ಇಳಿಯಲು ತಮಗೆ ಬೇರೆ ಸಾಲಿದೆಯೆಂದು ಗೊತ್ತಿರಲಿಲ್ಲ. ಕೋಣೆಯ ಫೋನಿನಲ್ಲಿ ‘ಬಟ್ಲರ್’ ಎಂದಿದ್ದ ಗುಂಡಿ ಒತ್ತಿದರೆ ಬಿಲ್ ಏರುತ್ತದೆಂದು ಹೆದರಿದ್ದರು. ಮೊದಲ ದಿನವೇ ಇದೆಲ್ಲವನ್ನೂ ನಾನು ಇಂಗ್ಲಿಷಿನಲ್ಲಿ ಹೇಳಿದ್ದೆ; ಅವರು ತಲೆಯಾಡಿಸಿದ್ದರು, ನಾನು ಅದನ್ನೇ ನಂಬಿದ್ದೆ. ಏಳರಲ್ಲಿ ನಾಲ್ಕು ದಿನ ಹಾಗೇ ಕಳೆದಿದ್ದವು. ಆ ಕೊರಗು ನನ್ನಲ್ಲಿ ಇಂದಿಗೂ ಇದೆ. ಈ ಬರಹ ಅದಕ್ಕಾಗಿ.

ನಾನು ಉಡುಪಿ ಜಿಲ್ಲೆಯ ಶಿರ್ವದ ಕಡೆಯವನು. ಶಿಪ್ಪಿನಲ್ಲಿ ದುಡಿಯುವವರಿಲ್ಲದ ವಠಾರ ನಮ್ಮಲ್ಲಿ ಕಡಿಮೆ. 2001ರಲ್ಲಿ ಕ್ಯಾಬಿನ್ ಗುಡಿಸುವ ಸಹಾಯಕನಾಗಿ ಹಡಗು ಹತ್ತಿದೆ, ಏಳು ವರ್ಷದ ಮೇಲೆ ಬಟ್ಲರ್ ಆದೆ, 2023ರಲ್ಲಿ ಇಳಿದು ಊರಿಗೆ ಬಂದೆ. ಈಗ ಪರಿಚಯದವರೆಲ್ಲ ಫೋನ್ ಮಾಡುತ್ತಾರೆ: ‘ಸಿಂಗಾಪುರದಿಂದ ಕ್ರೂಸ್ ಹೋಗುತ್ತಿದ್ದೇವೆ, ಸೂಟ್ ತೆಗೆಯೋದಾ? ಅಷ್ಟು ದುಡ್ಡಿಗೆ ಏನು ಸಿಗುತ್ತದೆ?’ ಹಡಗಿನಲ್ಲಿ ಅದನ್ನು ‘ಸ್ವೀಟ್’ ಎಂದು ಉಚ್ಚರಿಸುತ್ತಾರೆ. ನಮ್ಮಲ್ಲಿ ಸೂಟ್ ಎಂದೇ ರೂಢಿ, ನಾನೂ ಹಾಗೇ ಬರೆಯುತ್ತೇನೆ.

ಹಡಗಿನ ಕೋಣೆಗಳಲ್ಲಿ ದರ್ಜೆಗಳಿವೆ. ಕಿಟಕಿಯೇ ಇಲ್ಲದ ಒಳಗಿನ ಕೋಣೆ, ತೆರೆಯಲಾಗದ ಗಾಜಿನ ಕಿಟಕಿಯ ಕೋಣೆ, ಬಾಲ್ಕನಿ ಕೋಣೆ, ಅದರ ಮೇಲೆ ಸೂಟ್. ಸಾಮಾನ್ಯ ಬಾಲ್ಕನಿ ಕೋಣೆ ಸುಮಾರು 180ರಿಂದ 200 ಚದರಡಿ. ಸೂಟ್ ಎಂದರೆ 300 ಚದರಡಿಯಿಂದ ಶುರುವಾಗಿ ಸಾವಿರ ದಾಟುತ್ತದೆ. ಎಲ್ಲ ಕೋಣೆಯೂ ಸೂಟೇ ಆಗಿರುವ ಹಡಗುಗಳೂ ಇವೆ. ಅಂಥದ್ದೊಂದು ‘ಸೆವೆನ್ ಸೀಸ್ ಸ್ಪ್ಲೆಂಡರ್’; ಅದರ ಅತಿ ದೊಡ್ಡ ಸೂಟು 4,443 ಚದರಡಿಯದು. ನಮ್ಮೂರಿನಲ್ಲಿ ಅಷ್ಟು ಜಾಗದಲ್ಲಿ ಎರಡು ಮನೆ ಎದ್ದು ಅಂಗಳವೂ ಉಳಿಯುತ್ತದೆ. ಆದರೆ ಮೊದಲ ಸಲ ಹೋಗುವವರು ಚದರಡಿಗೆ ಮರುಳಾಗುವುದೇ ಹೆಚ್ಚು. ಸೂಟಿನಲ್ಲಿ ನೀವು ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಜಾಗ ಅರ್ಧ ಪಾಲು. ಉಳಿದರ್ಧ ನಿಮ್ಮ ಸಮಯ ಉಳಿಸುವ ಸೌಕರ್ಯಗಳು, ಅವುಗಳ ಹಿಂದೆ ದುಡಿಯುವ ಜನ. ಅದನ್ನು ಬಳಸದಿದ್ದರೆ ಅರ್ಧ ದುಡ್ಡು ನೀರಿಗೆ ಹೋಯಿತೆಂದೇ ಲೆಕ್ಕ.

ಇಲ್ಲಿ ಒಂದು ಎಚ್ಚರಿಕೆ. ‘ಸೂಟ್’ ಎಂಬ ಪದ ಕಂಡಲ್ಲೆಲ್ಲ ಸೂಟಿನ ಸೌಕರ್ಯ ಇರುವುದಿಲ್ಲ. ಪ್ರಿನ್ಸೆಸ್ ಹಡಗುಗಳಲ್ಲಿ ‘ಮಿನಿ ಸೂಟ್’ ಇದೆ, ರಾಯಲ್ ಕೆರಿಬಿಯನ್‌ನಲ್ಲಿ ‘ಜೂನಿಯರ್ ಸೂಟ್’ ಇದೆ. ಎರಡೂ ಒಳ್ಳೆಯ ಕೋಣೆಗಳು: ಕೂರಲು ಸೋಫಾ, ದೊಡ್ಡ ಬಾಲ್ಕನಿ, ಬಟ್ಟೆಗೆ ಹೆಚ್ಚು ಕಪಾಟು. ಆದರೆ ಅಲ್ಲಿ ಬಟ್ಲರ್ ಇಲ್ಲ, ಸೂಟಿನವರ ಪೂರ್ಣ ಸವಲತ್ತುಗಳೂ ಇಲ್ಲ. ‘ನಾವು ಸೂಟಿನವರು’ ಎಂದು ಲಾಂಜಿನ ಬಾಗಿಲಿಗೆ ಬಂದು, ಕಾರ್ಡು ಉಜ್ಜಿದಾಗ ಕೆಂಪು ದೀಪ ಕಂಡು, ಮಕ್ಕಳೆದುರು ಮುಖ ಸಣ್ಣ ಮಾಡಿಕೊಂಡು ಹಿಂದಿರುಗಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ತಪ್ಪಿಲ್ಲ, ಮಾರಿದವರು ಬಿಡಿಸಿ ಹೇಳಿರಲಿಲ್ಲ. ಬುಕ್ ಮಾಡುವಾಗಲೇ ಏಜೆಂಟರನ್ನು ಕೇಳಿ: ಬಟ್ಲರ್ ಇದ್ದಾರೆಯೇ? ಪ್ರತ್ಯೇಕ ರೆಸ್ಟೋರೆಂಟ್ ಇದೆಯೇ? ಪಾನೀಯ, ಇಂಟರ್ನೆಟ್, ಟಿಪ್ಸ್ ಸೇರಿದೆಯೇ? ಉತ್ತರವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ದೊಡ್ಡ ಹಡಗುಗಳಲ್ಲಿ ಸೂಟಿನವರಿಗಾಗಿ ಹಡಗಿನೊಳಗೊಂದು ಹಡಗು ಎನ್ನುವಂಥ ವ್ಯವಸ್ಥೆ ಇರುತ್ತದೆ. ನಾರ್ವೇಜಿಯನ್‌ನಲ್ಲಿ ಅದಕ್ಕೆ ‘ದಿ ಹೇವನ್’ ಎನ್ನುತ್ತಾರೆ, ಎಂ.ಎಸ್.ಸಿ.ಯಲ್ಲಿ ‘ಯಾಟ್ ಕ್ಲಬ್’, ಸೆಲೆಬ್ರಿಟಿಯಲ್ಲಿ ‘ದಿ ರಿಟ್ರೀಟ್’. ನಮ್ಮವರು ಹೆಚ್ಚಾಗಿ ಹತ್ತುವ ಸಿಂಗಾಪುರದ ‘ಗೆಂಟಿಂಗ್ ಡ್ರೀಮ್’ನಲ್ಲಿ ಅದು ‘ದಿ ಪ್ಯಾಲೆಸ್’. ಅಲ್ಲಿ ಕಾರ್ಡು ಉಜ್ಜಿದರೆ ಮಾತ್ರ ತೆರೆಯುವ ಬಾಗಿಲು, ಒಳಗೆ ಬೇರೆಯೇ ಲಾಂಜು, ಬೇರೆ ಊಟದ ಕೋಣೆ, ಬಿಸಿಲು ಕಾಯಲು ಬೇರೆ ಡೆಕ್ಕು. ಮೂರು ಸಾವಿರ ಜನರಿರುವ ಹಡಗಿನಲ್ಲಿ ಸಮುದ್ರದ ಮೇಲೇ ಕಳೆಯುವ ದಿನ ಈಜುಕೊಳದ ಪಕ್ಕ ಒಂದು ಕುರ್ಚಿ ಸಿಗುವುದು ಎಷ್ಟು ಕಷ್ಟವೆಂದು ಒಮ್ಮೆ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ರಾಯಲ್ ಕೆರಿಬಿಯನ್ ತನ್ನ ದೊಡ್ಡ ಹಡಗುಗಳ ಮೇಲ್ಮಟ್ಟದ ಸೂಟುಗಳನ್ನು ‘ಸ್ಟಾರ್ ಕ್ಲಾಸ್’ ಎಂದು ಕರೆದು, ಪಾನೀಯ, ಇಂಟರ್ನೆಟ್, ಟಿಪ್ಸ್ ಎಲ್ಲವನ್ನೂ ದರದಲ್ಲೇ ಸೇರಿಸಿದೆ. ಅಲ್ಲಿ ಬಟ್ಲರನ ಜಾಗದಲ್ಲಿರುವವರಿಗೆ ‘ರಾಯಲ್ ಜೀನೀ’ ಎಂದು ಹೆಸರು. ಅದೇ ಹಡಗಿನ ಕೆಳಮಟ್ಟದ ಸೂಟಿಗೆ ಇವೆಲ್ಲ ಇರುವುದಿಲ್ಲ. ಆದ್ದರಿಂದ ಹಡಗಿನ ಹೆಸರು ಕೇಳಿದರೆ ಸಾಲದು, ಸೂಟಿನ ದರ್ಜೆಯನ್ನೂ ಕೇಳಬೇಕು.

ಹಡಗಿನಲ್ಲಿ ಈ ಭೇದ ಹೊಸತೇನೂ ಅಲ್ಲ. 1912ರ ಟೈಟಾನಿಕ್‌ನ ಎರಡು ಪಾರ್ಲರ್ ಸೂಟುಗಳಿಗೆ ತಲಾ ಐವತ್ತಡಿ ಉದ್ದದ ಸ್ವಂತ ಪಡಸಾಲೆ ಇತ್ತು. ಅದೇ ಹಡಗಿನ ಮೂರನೇ ದರ್ಜೆಯಲ್ಲಿದ್ದ ಏಳುನೂರಕ್ಕೂ ಹೆಚ್ಚು ಜನರಿಗೆ ಸ್ನಾನದ ತೊಟ್ಟಿ ಇದ್ದದ್ದು ಎರಡೇ. ಇಂದು ಅತಿ ಅಗ್ಗದ ಒಳಗಿನ ಕೋಣೆಗೂ ತನ್ನದೇ ಬಾತ್‌ರೂಮು ಇದೆ. ಸೂಟ್ ತೆಗೆಯಲಾಗದವರು ಕೊರಗುವ ಕಾರಣವಿಲ್ಲ ಎಂದು ಹೇಳಲು ಇದನ್ನು ನೆನೆದೆ.

ಇನ್ನು ಜನರ ಮಾತು. ಸೂಟಿನಲ್ಲಿ ನಿಮ್ಮ ಸೇವೆಗೆ ಮೂವರಿರುತ್ತಾರೆ. ಯಾರನ್ನು ಏನು ಕೇಳಬೇಕೆಂದು ತಿಳಿದಿದ್ದರೆ ನಿಮಗೂ ಸುಲಭ, ನಮಗೂ ಸುಲಭ. ಕೋಣೆ ಶುಚಿಮಾಡಿ, ಹಾಸಿಗೆ ಹಾಕಿ, ಟವೆಲ್ ಬದಲಿಸುವವರು ಕ್ಯಾಬಿನ್ ಅಟೆಂಡೆಂಟ್. ಇತ್ತೀಚೆಗೆ ಹಲವು ಕಂಪನಿಗಳು ಸಾಮಾನ್ಯ ಕೋಣೆಗಳಿಗೆ ದಿನಕ್ಕೆ ಒಂದೇ ಸಲ ಶುಚಿ ಎಂದು ಮಾಡಿವೆ. ಸೂಟಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಾರೆ. ಹೊರಗಿನ ವ್ಯವಸ್ಥೆ ಎಲ್ಲ ಕನ್ಸಿಯರ್ಜ್ ಕೈಯಲ್ಲಿ: ರೆಸ್ಟೋರೆಂಟಿನ ಟೇಬಲ್ಲು, ಪ್ರದರ್ಶನದ ಸೀಟು, ಬಂದರಿನ ಪ್ರವಾಸ, ಬಿಲ್ಲಿನ ತಕರಾರು. ಹಡಗು ದಡಕ್ಕೆ ತಾಗದೆ ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ದಡ ಸೇರಿಸುವ ಊರುಗಳಿವೆ. ಅಂಥ ದಿನ ಎರಡು ಗಂಟೆ ಕಾಯುವವರ ನಡುವೆ ಸೂಟಿನವರನ್ನು ಮೊದಲ ದೋಣಿಗೆ ಕರೆದೊಯ್ಯುವುದೂ ಅವರೇ.

ಮೂರನೆಯವನು ಬಟ್ಲರ್. ನಾನು ಮಾಡುತ್ತಿದ್ದ ಕೆಲಸ ಹೇಳುತ್ತೇನೆ. ನೀವು ಬಯಸಿದರೆ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸುತ್ತೇನೆ, ಕೊನೆಯ ದಿನ ಮತ್ತೆ ತುಂಬಿಕೊಡುತ್ತೇನೆ. ಮೊದಲ ದಿನ ಮುದುರಿದ ಬಟ್ಟೆಗೆ ಇಸ್ತ್ರಿ ಮಾಡಿಸಿ ತರುತ್ತೇನೆ. ರೇಷ್ಮೆ ಸೀರೆಗೆ ಇಸ್ತ್ರಿ ಬೇಕಿದ್ದರೆ ಸೀರೆಯ ಜರಿ ತೋರಿಸಿ, ‘ಬಿಸಿ ಕಡಿಮೆ, ಮೇಲೆ ಬಟ್ಟೆ ಹಾಕಿ’ ಎಂದು ಹೇಳಿಬಿಡಿ. ಲಾಂಡ್ರಿಯಲ್ಲಿರುವ ಹುಡುಗನಿಗೆ ಕಾಂಜೀವರಂ ಗೊತ್ತಿರಬೇಕೆಂದಿಲ್ಲ. ಬೆಳಗಿನ ತಿಂಡಿಯನ್ನು ಬಾಲ್ಕನಿಯಲ್ಲಿ ಬಟ್ಟೆ ಹಾಸಿ ಬಡಿಸುತ್ತೇನೆ. ರಾತ್ರಿಯೂಟವನ್ನು ರೆಸ್ಟೋರೆಂಟಿನ ಮೆನುವಿನಿಂದಲೇ ಒಂದೊಂದಾಗಿ ಕೋಣೆಗೆ ತಂದು ಬಡಿಸುತ್ತೇನೆ. ಸಂಜೆ ನಾಲ್ಕರ ಹೊತ್ತಿಗೆ ಸಣ್ಣ ತಿನಿಸಿನ ತಟ್ಟೆ ಬರುತ್ತದೆ. ಅದರಲ್ಲಿ ಮೀನು ಮಾಂಸ ಬೇಡವೆಂದರೆ ಮೊದಲ ದಿನವೇ ಹೇಳಿ, ಮರುದಿನದಿಂದ ಹಣ್ಣು, ಚೀಸ್, ತರಕಾರಿ ತಿನಿಸು ಬರುತ್ತದೆ. ನಮ್ಮ ಹಡಗಿನಲ್ಲಿ ಇದ್ಯಾವುದಕ್ಕೂ ಬೇರೆ ಬಿಲ್ ಇರಲಿಲ್ಲ. ನಿಮ್ಮ ಹಡಗಿನಲ್ಲಿ ಹೇಗೆಂದು ಹತ್ತಿದ ದಿನವೇ ಕೇಳಿಬಿಡಿ.

ಆ ಹುಬ್ಬಳ್ಳಿಯ ಅಮ್ಮನಿಗೆ ಅವತ್ತು ನಾನು ಕೊಟ್ಟ ಉತ್ತರ ಇಷ್ಟೇ: ‘ಅಮ್ಮಾ, ಇದು ನನ್ನ ಕೆಲಸ. ಇದರಿಂದಲೇ ಊರಲ್ಲಿ ಮನೆ ಕಟ್ಟಿಸಿದೆ, ತಂಗಿಯ ಮದುವೆ ಮಾಡಿದೆ. ನೀವು ಹಾಸಿಗೆ ಹಾಕಿಟ್ಟರೂ ನಾವು ಅದನ್ನು ತೆಗೆದು ಮತ್ತೆ ಹಾಕಲೇಬೇಕು.’ ಅವರು ಬಹಳ ಹೊತ್ತು ನೋಡಿದರು. ಮರುದಿನ ಹಾಸಿಗೆ ಹಾಗೇ ಇತ್ತು. ನಾಲ್ಕಕ್ಕೆ ತಟ್ಟೆ ಒಯ್ದಾಗ ಇಬ್ಬರೂ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದರು. ಮದುವೆಯಾದ ಮೇಲೆ ಹಗಲುಹೊತ್ತಿನಲ್ಲಿ ಇಬ್ಬರೇ ಹೀಗೆ ಕೂತದ್ದು ಇದೇ ಮೊದಲೆಂದು ಅಜ್ಜ ಹೇಳಿದರು.

ಏನನ್ನು ತರಬಾರದು ಎಂಬುದೂ ತಿಳಿದಿರಲಿ. ಇಸ್ತ್ರಿ ಪೆಟ್ಟಿಗೆ, ಸ್ವಂತ ನೀರು ಕಾಯಿಸುವ ಕೆಟಲ್ಲು, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು, ಮೇಣದಬತ್ತಿ, ಊದುಬತ್ತಿ, ದೀಪ, ಕರ್ಪೂರ ಇವಾವುದನ್ನೂ ಹಡಗಿಗೆ ತರುವಂತಿಲ್ಲ; ಪೆಟ್ಟಿಗೆಯನ್ನು ಎಕ್ಸ್‌ರೇ ಮಾಡುವಾಗಲೇ ತೆಗೆದಿಡುತ್ತಾರೆ. ಎಷ್ಟೇ ದೊಡ್ಡ ಸೂಟಿದ್ದರೂ ವಿನಾಯಿತಿ ಇಲ್ಲ. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಹಡಗಿನವರಿಗೆ ಇನ್ನೊಂದಿಲ್ಲ: ಓಡಿಹೋಗಲು ಬೀದಿಯಿಲ್ಲ, ಕರೆದರೆ ಬರುವ ಅಗ್ನಿಶಾಮಕ ದಳವಿಲ್ಲ, ಆರಿಸಬೇಕಾದವರು ನಾವೇ. ನಾನು ಬಟ್ಲರ್ ಆಗಿದ್ದರೂ ಬೆಂಕಿಯ ತರಬೇತಿ ಮುಗಿಸದೆ ಹಡಗು ಹತ್ತುವಂತಿರಲಿಲ್ಲ.

ಶಿವಮೊಗ್ಗದ ಒಬ್ಬರು ಶುಕ್ರವಾರ ಬೆಳಿಗ್ಗೆ ದೀಪ ಹಚ್ಚದೆ ಬಾಯಿಗೆ ನೀರೂ ಹಾಕುವವರಲ್ಲ. ವಿಷಯ ತಿಳಿಸಿ ಹೇಳಿದಾಗ ಕಣ್ಣು ತುಂಬಿಕೊಂಡರು. ನಾನು ಹೂವಿನ ವಿಭಾಗಕ್ಕೆ ಹೋಗಿ ಎರಡು ಬಿಳಿ ಗುಲಾಬಿ, ಒಂದು ಹಿಡಿ ಸೇವಂತಿಗೆ ಕೇಳಿ ತಂದೆ. ಬ್ಯಾಟರಿಯ ಪುಟ್ಟ ದೀಪವೊಂದು ನಮ್ಮ ಸ್ಟೋರಿನಲ್ಲೇ ಸಿಕ್ಕಿತು. ಅವರು ಟೇಬಲ್ಲಿನ ಮೇಲೆ ಪುಟ್ಟ ಲಕ್ಷ್ಮಿಯ ಪಟ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿ, ಆ ದೀಪದ ಗುಂಡಿ ಒತ್ತಿ ಕೈಮುಗಿದರು. ಈಗ ಅಂಗಡಿಗಳಲ್ಲಿ ಇಂಥ ಬ್ಯಾಟರಿ ದೀಪಗಳು ಸಿಗುತ್ತವೆ. ಊರಿನಿಂದಲೇ ಒಂದು ಒಯ್ಯಿರಿ.

ಸೂಟ್ ಎಲ್ಲಿರಬೇಕು ಎಂಬುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಬೆಲೆ ಹೆಚ್ಚಿದಷ್ಟೂ ಕೋಣೆ ಮೇಲೆ ಹೋಗುತ್ತದೆ, ಇಲ್ಲವೇ ಹಡಗಿನ ಮೂತಿಗೋ ಬಾಲಕ್ಕೋ ಹೋಗುತ್ತದೆ. ಕಾಣುವ ನೋಟ ಅಲ್ಲಿ ಚೆಂದ. ಆದರೆ ಅಲೆಗೆ ಹಡಗು ಹೆಚ್ಚು ತೂಗುವುದೂ ಅಲ್ಲೇ. ತೊಟ್ಟಿಲಿನ ಅಂಚು ಎಷ್ಟು ಆಡುತ್ತದೆ, ನಡುಭಾಗ ಎಷ್ಟು ಆಡುತ್ತದೆ ನೆನೆಸಿಕೊಳ್ಳಿ. ಹೊಟ್ಟೆ ತೊಳಸುವ ಸ್ವಭಾವದವರಿಗೆ ಹಡಗಿನ ನಡುವೆ, ಕೆಳ ಡೆಕ್ಕಿನಲ್ಲಿರುವ ಕೋಣೆಯೇ ಹಿತ. ಸೂಟೇ ಬೇಕೆಂದರೆ ನಡುಭಾಗದ್ದನ್ನು ಕೇಳಿ. ತೊಳಸಿದರೆ ಹಸಿರು ಸೇಬು, ಉಪ್ಪು ಬಿಸ್ಕತ್ತು, ಶುಂಠಿ ತರಿಸಿಕೊಳ್ಳಿ. ಹಡಗಿನವರು ನಾವೂ ಅದನ್ನೇ ತಿನ್ನುವುದು.

ಕೋಣೆ ಎಲ್ಲಿದೆ ಎಂಬುದು ಎಷ್ಟು ಮುಖ್ಯವೆಂದು ನಾನು ಮೈಯಾರೆ ಕಲಿತದ್ದು 2020ರಲ್ಲಿ. ಆ ವರ್ಷದ ಮಾರ್ಚ್ ನಡುವಿಗೆ ಕೋವಿಡ್‌ನಿಂದ ಪ್ರಪಂಚದ ಕ್ರೂಸುಗಳು ಬಹುತೇಕ ನಿಂತವು. ಅತಿಥಿಗಳು ಇಳಿದರು, ನಾವು ಊರಿಗೆ ಹೋಗಲಾಗದೆ ಹಡಗಿನಲ್ಲೇ ಉಳಿದೆವು. ನೀರಿನ ಮಟ್ಟದ ಹತ್ತಿರ, ಇಬ್ಬಿಬ್ಬರಿಗೊಂದು ಬಂಕ್ ಕೋಣೆಯಲ್ಲಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ಅತಿಥಿಗಳ ಕೋಣೆಗಳಿಗೆ ಕಳಿಸಿದರು. ಹತ್ತೊಂಬತ್ತು ವರ್ಷ ಗುಡಿಸಿ ಒರೆಸಿದ್ದ ಕೋಣೆಯಲ್ಲಿ ಮೊದಲ ಸಲ ಮಲಗಿದೆ. ಐವತ್ತು ದಿನಗಳಲ್ಲಿ ಮೂರು ಕೋಣೆ ಬದಲಾದವು. ಮೂತಿಯ ಕಡೆ ಇದ್ದಾಗ ಲಂಗರಿನ ಸರಪಳಿ ಇಳಿಯುವ ಸದ್ದಿಗೆ ಬೆಚ್ಚಿಬಿದ್ದು ಎದ್ದೆ. ಈಜುಕೊಳದ ಡೆಕ್ಕಿನ ಕೆಳಗಿದ್ದಾಗ ಬೆಳಗಿನ ಐದಕ್ಕೆ ಮೇಲೆ ಕುರ್ಚಿ ಎಳೆಯುವ ಸದ್ದು ತಲೆಯ ಮೇಲೇ ಎಳೆದಂತೆ ಕೇಳಿಸಿತು. ಬಾಲದ ಕಡೆಯ ಕೋಣೆಯಲ್ಲಿ ಪ್ರೊಪೆಲ್ಲರಿನ ನಡುಕಕ್ಕೆ ಲೋಟದ ನೀರು ಸಣ್ಣಗೆ ಕಂಪಿಸುತ್ತಿತ್ತು. ಅತಿಥಿಗಳು ಹೀಗೆಲ್ಲ ದೂರಿದಾಗ ‘ಸಾರಿ ಸರ್’ ಎಂದು ನಗುತ್ತ ಹೇಳಿ ಹೋಗುತ್ತಿದ್ದೆ. ಆಮೇಲೆ ಹಾಗೆ ಹೇಳಲು ನನ್ನಿಂದ ಆಗಲಿಲ್ಲ. ನಿಮಗೆ ಹೇಳುವುದಿಷ್ಟು: ಬುಕ್ ಮಾಡುವಾಗ ಹಡಗಿನ ಡೆಕ್ ನಕ್ಷೆ ತೆರೆಯಿರಿ. ನಿಮ್ಮ ಕೋಣೆಯ ಮೇಲೂ ಕೆಳಗೂ ಕೋಣೆಗಳೇ ಇದ್ದರೆ ನಿಶ್ಚಿಂತೆ. ಮೇಲೆ ಅಡುಗೆಮನೆಯೋ ಈಜುಕೊಳವೋ ಕೆಳಗೆ ಥಿಯೇಟರೋ ಇದ್ದರೆ ಬೇರೆ ಕೋಣೆ ಕೇಳಿ.

ಬಾಲ್ಕನಿಯ ಬಾಗಿಲು ಭಾರವಾದದ್ದು. ಕೋಣೆಯ ಬಾಗಿಲೂ ಅದೂ ಒಟ್ಟಿಗೆ ತೆರೆದರೆ ಗಾಳಿ ಒಳಗೆ ನುಗ್ಗಿ ಬಾಗಿಲು ಸಿಡಿದಂತೆ ಬಡಿಯುತ್ತದೆ. ಮಕ್ಕಳ ಬೆರಳು ಜಜ್ಜಿದ್ದನ್ನು ಕಂಡಿದ್ದೇನೆ. ಬಾಲ್ಕನಿ ತೆರೆದಿಟ್ಟರೆ ಏಸಿ ಸರಿಯಾಗಿ ಕೆಲಸ ಮಾಡುವುದೂ ಇಲ್ಲ. ಒದ್ದೆ ಬಟ್ಟೆಯನ್ನು ಅಲ್ಲಿ ಹರವಬೇಡಿ; ಬಾತ್‌ರೂಮಿನಲ್ಲಿ ಎಳೆದು ಕಟ್ಟುವ ಹಗ್ಗ ಇರುತ್ತದೆ. ಕೋಣೆಯ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು, ನಾಲ್ಕು ಮ್ಯಾಗ್ನೆಟ್ ಕೊಕ್ಕೆ ಒಯ್ದರೆ ಟೋಪಿ, ಚೀಲ, ಒದ್ದೆ ಈಜುಡುಗೆ ಎಲ್ಲಕ್ಕೂ ಜಾಗವಾಗುತ್ತದೆ.

ಬಾತ್‌ರೂಮಿನ ಬಗ್ಗೆ ನಮ್ಮವರು ಕೇಳಲು ನಾಚುತ್ತಾರೆ, ನಾನೇ ಹೇಳುತ್ತೇನೆ. ಸೂಟಿನಲ್ಲೂ ಹೆಚ್ಚಿನ ಹಡಗುಗಳಲ್ಲಿ ಹೆಲ್ತ್ ಫಾಸೆಟ್ ಇರುವುದಿಲ್ಲ, ಕಾಗದವೇ. ಒಂದು ಸಣ್ಣ ಮಗ್ಗು ಅಥವಾ ಒತ್ತಿದರೆ ನೀರು ಚಿಮ್ಮುವ ಬಾಟಲಿ ಒಯ್ಯಿರಿ. ನೆಲ ಒದ್ದೆ ಮಾಡಬೇಡಿ, ನೀರು ಹೋಗಲು ದಾರಿ ಇರುವುದು ಹೆಚ್ಚಾಗಿ ಷವರಿನ ಒಳಗೆ. ವಿಮಾನದಲ್ಲಿರುವಂತೆ ಗಾಳಿಯ ಸೆಳೆತದಿಂದ ನಡೆಯುವ ಟಾಯ್ಲೆಟ್ಟು ಅದು. ಪ್ಯಾಡು, ಒದ್ದೆ ಟಿಶ್ಯೂ ಹಾಕಿದರೆ ನಿಮ್ಮದೊಂದೇ ಅಲ್ಲ, ಆ ಸಾಲಿನ ಹತ್ತಾರು ಕೋಣೆಗಳದ್ದೂ ಕಟ್ಟುತ್ತದೆ. ಇನ್ನೊಂದು ಮುಖ್ಯ ವಿಷಯ. ಸೂಟೆಂದರೆ ಸ್ನಾನದ ಟಬ್ಬು ಇರುತ್ತದೆಂದು ಜಾಹೀರಾತು ಹೆಮ್ಮೆಯಿಂದ ಹೇಳುತ್ತದೆ. ಮೊಣಕಾಲು ನೋವಿರುವ ಹಿರಿಯರಿಗೆ ಅದೇ ಗಂಡಾಂತರ: ತೂಗುವ ಹಡಗಿನಲ್ಲಿ ಒಂದೂವರೆ ಅಡಿ ಅಂಚನ್ನು ದಾಟಿ ಒದ್ದೆ ಟಬ್ಬಿನಲ್ಲಿ ನಿಲ್ಲಬೇಕು. ಅಪ್ಪ ಅಮ್ಮನನ್ನು ಕರೆದೊಯ್ಯುವವರು, ನೆಲಮಟ್ಟದಲ್ಲಿ ಕಾಲಿಟ್ಟು ಹೋಗುವ ಷವರ್ ಬೇಕೆಂದು ಬುಕ್ ಮಾಡುವಾಗಲೇ ಪಟ್ಟು ಹಿಡಿಯಿರಿ.

ಊಟದ ವಿಷಯದಲ್ಲಿ ಹೆದರಬೇಕಿಲ್ಲ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಭಾರತದವರು ಇದ್ದೇ ಇರುತ್ತಾರೆ. ಸಸ್ಯಾಹಾರ, ಜೈನ ಆಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕಿದ್ದರೆ ಒಂದೆರಡು ತಿಂಗಳು ಮೊದಲೇ ಕಂಪನಿಗೆ ಬರೆದು ತಿಳಿಸಿ, ಹತ್ತಿದ ದಿನ ರೆಸ್ಟೋರೆಂಟಿನ ಮುಖ್ಯಸ್ಥರಿಗೆ ಮತ್ತೆ ಹೇಳಿ. ಸೂಟಿನ ರೆಸ್ಟೋರೆಂಟು ಸಣ್ಣದು, ಅಲ್ಲಿ ‘ನಾಳೆ ಅನ್ನ, ಬೇಳೆ ಸಾರು, ಒಂದು ಪಲ್ಯ’ ಎಂದು ಹಿಂದಿನ ರಾತ್ರಿ ಹೇಳಿದರೆ ಮಾಡಿಕೊಡುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಮಾಡಿದ ಅಡುಗೆ ಒಯ್ಯಬೇಡಿ, ಬಿಡುವುದಿಲ್ಲ. ಸೀಲ್ ಆದ ಪ್ಯಾಕೆಟ್ಟಿನ ಚಕ್ಕುಲಿ, ಚಟ್ನಿಪುಡಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅದನ್ನು ಹಡಗಿನಲ್ಲೇ ಮುಗಿಸಿ, ದಡಕ್ಕೆ ಒಯ್ಯಬೇಡಿ. ನಲ್ಲಿಯ ನೀರು ಕುಡಿಯಲು ಯೋಗ್ಯವಾದದ್ದೇ. ಬಹುಪಾಲು ಸಮುದ್ರದ ನೀರಿನಿಂದಲೇ ಹಡಗಿನಲ್ಲಿ ಉಪ್ಪು ತೆಗೆದು ಮಾಡುತ್ತಾರೆ.

ಹಣ. ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಕೋಣೆಯ ಕಾರ್ಡು ನಿಮ್ಮ ಕ್ರೆಡಿಟ್ ಕಾರ್ಡಿಗೆ ಕಟ್ಟಿಕೊಂಡಿರುತ್ತದೆ. ಉಜ್ಜಿದ್ದೆಲ್ಲ ಖಾತೆಗೆ ಏರುತ್ತದೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ದಿನಕ್ಕೆ ತಲೆಗೆ ಸುಮಾರು 16ರಿಂದ 25 ಡಾಲರ್ ಟಿಪ್ಸ್ ತಾನಾಗಿ ಬೀಳುತ್ತದೆ, ಸೂಟಿಗೆ ಆ ಮೊತ್ತದ ಮೇಲಿನ ತುದಿ. ನಾಲ್ವರ ಕುಟುಂಬಕ್ಕೆ ಏಳು ದಿನಕ್ಕೆ ಲೆಕ್ಕ ಹಾಕಿ ನೋಡಿ, ಸಣ್ಣ ಮೊತ್ತವಲ್ಲ. ಟಿಕೆಟ್ಟಿನ ಜೊತೆಗೇ ಇದನ್ನು ತೆಗೆದಿಡಿ. ಕೋಣೆಯ ಮಿನಿ ಬಾರ್ ಕೆಲವು ಸೂಟುಗಳಲ್ಲಿ ಪುಕ್ಕಟೆ, ಕೆಲವದರಲ್ಲಿ ಮೊದಲ ದಿನ ತುಂಬಿಸಿದ್ದು ಮಾತ್ರ ಪುಕ್ಕಟೆ, ಕೆಲವದರಲ್ಲಿ ಒಂದೊಂದು ಬಾಟಲಿಗೂ ಬಿಲ್. ಮಕ್ಕಳು ಚಾಕೊಲೇಟ್ ಬಿಚ್ಚುವ ಮೊದಲು ಕೇಳಿ. ಬಿಲ್ಲಿನಲ್ಲಿ ಎಲ್ಲಕ್ಕಿಂತ ನೋವು ಕೊಡುವುದು ಫೋನು. ಹಡಗು ದಡ ಬಿಟ್ಟೊಡನೆ ಉಪಗ್ರಹದ ಮೂಲಕ ನಡೆಯುವ ಮೊಬೈಲ್ ಜಾಲ ನಿಮ್ಮ ಸಿಮ್ಮನ್ನು ಹಿಡಿದುಕೊಳ್ಳುತ್ತದೆ. ಹತ್ತಿದ ತಕ್ಷಣ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ವೈಫೈ ಮಾತ್ರ ಬಳಸಿ. ಹಡಗಿನ ಡಾಕ್ಟರರನ್ನು ಕಂಡರೂ ಡಾಲರಿನಲ್ಲೇ ಬಿಲ್, ಅದೂ ಹಗುರವಾದದ್ದಲ್ಲ. ಪ್ರವಾಸ ವಿಮೆ ಇಲ್ಲದೆ ಹೊರಡಬೇಡಿ.

ಹಾಗಾದರೆ ಸೂಟ್ ತೆಗೆಯಬೇಕೇ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎರಡು ಮೂರು ರಾತ್ರಿಯ ಪ್ರಯಾಣಕ್ಕೆ ಬೇಡ. ಸೌಕರ್ಯ ಏನೇನಿದೆ ಎಂದು ತಿಳಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಮುಂಬೈಯಿಂದ ಹೊರಡುವ ಕಾರ್ಡೇಲಿಯಾದ ‘ಎಂಪ್ರೆಸ್’ 1990ರಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕಡಿಮೆ, ಹಾಗಾಗಿ ಬಾಲ್ಕನಿಯೇ ಬೇಕೆಂಬವರು ಅಲ್ಲಿ ಮೇಲಿನ ದರ್ಜೆ ನೋಡಬೇಕಾಗುತ್ತದೆ. ಸಮುದ್ರ ತಮ್ಮ ಮೈಗೆ ಒಗ್ಗುತ್ತದೆಯೇ ಎಂದು ನೋಡಲು ಅಂಥ ಸಣ್ಣ ಪ್ರಯಾಣದ ಸಾಧಾರಣ ಕೋಣೆ ಸಾಕು. ದಿನಕ್ಕೊಂದು ಬಂದರು ಮುಟ್ಟಿ ಬೆಳಿಗ್ಗೆ ಇಳಿದು ಸಂಜೆ ಹತ್ತುವ ಪ್ರಯಾಣಕ್ಕೂ ಸೂಟ್ ವ್ಯರ್ಥ. ಹಿರಿಯರು ಜೊತೆಗಿದ್ದು, ಏಳು ರಾತ್ರಿಗೂ ಹೆಚ್ಚಿನ ಪ್ರಯಾಣವಾಗಿದ್ದು, ಸಮುದ್ರದ ಮೇಲೇ ಕಳೆಯುವ ದಿನಗಳು ಹೆಚ್ಚಿದ್ದರೆ ಧಾರಾಳವಾಗಿ ತೆಗೆಯಿರಿ. ನಾಲ್ವರ ಕುಟುಂಬವಾದರೆ ಇನ್ನೊಂದು ಲೆಕ್ಕವನ್ನೂ ಹಾಕಿ: ಒಂದು ಸೂಟಿನ ಸೋಫಾದ ಮೇಲೆ ಮಕ್ಕಳನ್ನು ಮಲಗಿಸುವುದಕ್ಕಿಂತ ಅಕ್ಕಪಕ್ಕದ ಎರಡು ಬಾಲ್ಕನಿ ಕೋಣೆ ಎಷ್ಟೋ ಸಲ ಅಗ್ಗ. ಎರಡು ಬಾತ್‌ರೂಮು ಸಿಗುತ್ತವೆ. ನಡುವಿನ ಬಾಲ್ಕನಿ ತಡಿಕೆಯನ್ನು ತೆಗೆದುಕೊಡಲು ಅಟೆಂಡೆಂಟರಿಗೆ ಹೇಳಿ. ಅನೇಕ ಹಡಗುಗಳಲ್ಲಿ ಅದು ತೆರೆಯುತ್ತದೆ.

ಹತ್ತುವ ದಿನ ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಸಾವಿರಾರು ಪೆಟ್ಟಿಗೆಗಳ ನಡುವಿಂದ ಕೋಣೆಗೆ ಬರುವಾಗ ಸಂಜೆಯಾಗಬಹುದು, ಸೂಟಿನವರದ್ದಾದರೂ. ಅಂದೇ ಸುರಕ್ಷತಾ ಡ್ರಿಲ್ ಇರುತ್ತದೆ. 2012ರ ಜನವರಿ 13ರಂದು ಕೋಸ್ತಾ ಕಾಂಕಾರ್ಡಿಯಾ ಹಡಗು ಇಟಲಿಯ ಕರಾವಳಿಯ ಬಂಡೆಗೆ ಬಡಿದು 32 ಜನ ಸತ್ತರು. ಅಂದು ಸಂಜೆ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು: ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಬಟ್ಲರನನ್ನು ಕರೆದು ‘ನಮಗೆ ಬೇಡ’ ಎಂದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಏಳು ಸಣ್ಣ ಸೀಟಿ, ಒಂದು ಉದ್ದದ ಸೀಟಿ ಕೇಳಿದರೆ ಯಾವ ಮೆಟ್ಟಿಲಿನಿಂದ ಎಲ್ಲಿಗೆ ಹೋಗಬೇಕೆಂದು ಮಕ್ಕಳಿಗೂ ತೋರಿಸಿಡಿ.

ಕೊನೆಯ ರಾತ್ರಿ ಹನ್ನೊಂದರೊಳಗೆ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡಬೇಕು. ಮರುದಿನದ ಬಟ್ಟೆ, ಚಪ್ಪಲಿ, ಔಷಧಿ ಒಳಗೇ ಉಳಿಸಿಕೊಳ್ಳಿ. ಎಲ್ಲವನ್ನೂ ತುಂಬಿ ಹೊರಗಿಟ್ಟು ಬೆಳಿಗ್ಗೆ ರಾತ್ರಿಯುಡುಗೆಯಲ್ಲೇ ಇಳಿದವರಿದ್ದಾರೆ.

ಇಳಿದ ಮೇಲೆ ಕಂಪನಿಯಿಂದ ಅಭಿಪ್ರಾಯ ಕೇಳಿ ಇಮೇಲ್ ಬರುತ್ತದೆ. ಹೆಚ್ಚಿನವರು ಅದನ್ನು ತೆರೆಯುವುದಿಲ್ಲ. ನಮ್ಮ ಕೆಲಸದ ಕರಾರು ಆರರಿಂದ ಒಂಬತ್ತು ತಿಂಗಳಿನದು, ಅದು ಮುಗಿದರೆ ಮತ್ತೆ ಹೊಸದು. ಮುಂದಿನ ಹಡಗು ಯಾವುದು, ಬಡ್ತಿ ಇದೆಯೋ ಇಲ್ಲವೋ ಎಂದು ನೋಡುವಾಗ ಅತಿಥಿಗಳು ಬರೆದ ಹೆಸರುಗಳನ್ನು ಎಣಿಸುತ್ತಾರೆ. ಹುಬ್ಬಳ್ಳಿಯ ಆ ಅಮ್ಮನ ಮಗ ನನ್ನ ಹೆಸರನ್ನೂ, ಕೋಣೆ ಗುಡಿಸುತ್ತಿದ್ದ ಫಿಲಿಪೀನ್ಸ್ ಹುಡುಗಿಯ ಹೆಸರನ್ನೂ ಬರೆದಿದ್ದ. ಮುಂದಿನ ಕರಾರಿನಲ್ಲಿ ಅವಳು ಮೇಲ್ವಿಚಾರಕಿಯಾದಳು. ನಿಮ್ಮ ಕೋಣೆಯವರ ಬ್ಯಾಡ್ಜನ್ನು ಮೊದಲ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ, ಮನೆಗೆ ಬಂದ ಮೇಲೆ ಆ ಇಮೇಲಿನಲ್ಲಿ ಹೆಸರನ್ನು ಅಕ್ಷರ ತಪ್ಪದೆ ಬರೆಯಿರಿ.